ಅಲರ್ಜಿ ಇಂಜೆಕ್ಷನ್ ಶುರು ಮಾಡುವ ಮೊದಲು ತಿಳಿದಿರಬೇಕಾದ ಸಂಗತಿಗಳು



ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಸೀನು ಶುರುವಾಗುತ್ತದೆ. ಬಣವೆಯಿಂದ ಒಂದು ಹೊರೆ ರಾಗಿ ಹುಲ್ಲು ಕಿತ್ತು ತರುವಷ್ಟರಲ್ಲಿ ಮೂಗಿನಲ್ಲಿ ನೀರು, ಕಣ್ಣಿನಲ್ಲಿ ಉರಿ. ಹಾಲು ಕರೆದು ಡೇರಿಗೆ ಹಾಕಿ ಬರುವಾಗ ಎದೆಯಲ್ಲಿ ಸುಂಯ್ ಎನ್ನುವ ಸದ್ದು. ರಾತ್ರಿ ಮಲಗಿದರೆ ಉಬ್ಬಸ. ಹೀಗೆ ವರ್ಷಗಟ್ಟಲೆ ಒದ್ದಾಡುವವರು ನಮ್ಮ ಸಂಘಗಳಲ್ಲಿ ಅನೇಕರಿದ್ದಾರೆ. ಮನೆಯವರು "ಇದೆಲ್ಲಾ ಹಸುವಿನಿಂದಲೇ, ಮಾರಿಬಿಡೋಣ" ಎನ್ನುತ್ತಾರೆ. ನೆರೆಯವರು "ಬೆಂಗಳೂರಲ್ಲಿ ಅಲರ್ಜಿಗೆ ಇಂಜೆಕ್ಷನ್ ಕೊಡುತ್ತಾರಂತೆ, ಹಾಕಿಸಿಕೊಂಡರೆ ಮತ್ತೆ ಬರೋದೇ ಇಲ್ಲವಂತೆ" ಎನ್ನುತ್ತಾರೆ.

ಎರಡು ಮಾತನ್ನೂ ತಕ್ಷಣ ನಂಬಬೇಡಿ. ಪರೀಕ್ಷೆ ಮಾಡಿಸದೆ ಹಸು ಮಾರಬೇಡಿ. ಪರೀಕ್ಷೆ ಮಾಡಿಸದೆ ಇಂಜೆಕ್ಷನ್ ಕೂಡ ಶುರು ಮಾಡಬೇಡಿ. ಅಲರ್ಜಿ ಇಂಜೆಕ್ಷನ್ ಒಳ್ಳೆಯ ಚಿಕಿತ್ಸೆ. ಆದರೆ ಅದು ಎಲ್ಲರಿಗೂ ಅಲ್ಲ, ಒಂದೆರಡು ದಿನದ್ದೂ ಅಲ್ಲ, ಎಲ್ಲಿ ಬೇಕಾದರಲ್ಲಿ ಹಾಕಿಸಿಕೊಳ್ಳುವಂಥದ್ದೂ ಅಲ್ಲ.

ಯಾವ ಇಂಜೆಕ್ಷನ್ ಬಗ್ಗೆ ಹೇಳುತ್ತಿದ್ದೇವೆ?

ನಮ್ಮ ಕಡೆ "ಅಲರ್ಜಿ ಇಂಜೆಕ್ಷನ್" ಎಂದರೆ ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು.

ಮೈಯೆಲ್ಲಾ ದದ್ದು ಎದ್ದಾಗ, ತುರಿಕೆ ತಡೆಯಲಾಗದಾಗ ಊರಿನ ಡಾಕ್ಟರು ಒಂದು ಸೂಜಿ ಚುಚ್ಚುತ್ತಾರೆ. ಅದು ಅವಿಲ್‌ನಂಥ ತುರಿಕೆ ತಗ್ಗಿಸುವ ಔಷಧಿ, ಇಲ್ಲವೇ ಸ್ಟೀರಾಯ್ಡ್. ಅರ್ಧ ಗಂಟೆಯಲ್ಲೋ ಒಂದು ದಿನದಲ್ಲೋ ಆರಾಮ ಸಿಗುತ್ತದೆ. ಆದರೆ ಅಲರ್ಜಿ ಇದ್ದ ಹಾಗೆಯೇ ಇರುತ್ತದೆ, ಔಷಧಿಯ ಶಕ್ತಿ ಇಳಿದ ಮೇಲೆ ಮತ್ತೆ ಬರುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ನನ್ನು ಪದೇ ಪದೇ ಹಾಕಿಸಿಕೊಂಡರೆ ಸಕ್ಕರೆ ಕಾಯಿಲೆ, ಬಿ.ಪಿ. ಏರುತ್ತವೆ, ಮೂಳೆ ಸವೆಯುತ್ತದೆ.

ಈ ಲೇಖನ ಇರುವುದು ಇನ್ನೊಂದರ ಬಗ್ಗೆ. ಇದಕ್ಕೆ ವೈದ್ಯರು ಇಮ್ಯುನೊಥೆರಪಿ ಎನ್ನುತ್ತಾರೆ. ನಿಮಗೆ ಯಾವ ವಸ್ತು ಆಗಿಬರುವುದಿಲ್ಲವೋ ಅದೇ ವಸ್ತುವಿನ ಸಾರವನ್ನು ಅತಿ ಸಣ್ಣ ಪ್ರಮಾಣದಲ್ಲಿ ಚರ್ಮದ ಕೆಳಗೆ ಕೊಡುತ್ತಾ, ವಾರವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆ ಇದು. ಇದರಿಂದ ಅವತ್ತೇ ಆರಾಮ ಸಿಗುವುದಿಲ್ಲ. ಫಲ ಕಾಣಲು ತಿಂಗಳುಗಳು ಬೇಕು.

ದೇಹಕ್ಕೆ ಅಭ್ಯಾಸ ಮಾಡಿಸುವುದು

ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಹಸು ಸಾಕುವವರಿಗೆ ಬೇಗ ಅರ್ಥವಾಗುತ್ತದೆ. ಬರೀ ಹುಲ್ಲು ತಿನ್ನುತ್ತಿದ್ದ ಹಸುವಿಗೆ ಒಂದೇ ದಿನ ಐದಾರು ಕಿಲೋ ಜೋಳದ ನುಚ್ಚು ಹಾಕಿದರೆ ಏನಾಗುತ್ತದೆ? ಹೊಟ್ಟೆ ಕೆಟ್ಟು, ಮೆಲುಕು ನಿಂತು, ಹಸು ಮಲಗಿಬಿಡಬಹುದು. ಅದೇ ನುಚ್ಚನ್ನು ಮೊದಲ ದಿನ ಒಂದು ಹಿಡಿ, ಆಮೇಲೆ ಎರಡು ಹಿಡಿ ಎಂದು ಎರಡು ಮೂರು ವಾರ ಏರಿಸುತ್ತಾ ಹೋದರೆ ಹೊಟ್ಟೆ ಒಗ್ಗಿಕೊಳ್ಳುತ್ತದೆ. ಅಲರ್ಜಿ ಇಂಜೆಕ್ಷನ್ನಿನ ಕ್ರಮವೂ ಇದೇ. ಕೊನೆಗೆ ಕೊಡುವ ಡೋಸಿಗಿಂತ ಸಾವಿರ ಪಟ್ಟು ಅಥವಾ ಅದಕ್ಕೂ ತೆಳುವಾದ ದ್ರವದಿಂದ ಶುರು ಮಾಡುತ್ತಾರೆ.

ಕಾಲುಬಾಯಿ ಲಸಿಕೆಗೂ ಇದಕ್ಕೂ ವ್ಯತ್ಯಾಸವಿದೆ. ಲಸಿಕೆ ದೇಹಕ್ಕೆ ಶತ್ರುವಿನ ಜೊತೆ ಕಾದಾಡಲು ಕಲಿಸುತ್ತದೆ. ಅಲರ್ಜಿಯಲ್ಲಿ ತೊಂದರೆ ಬರುವುದೇ ಸುಮ್ಮನೆ ಬಿಡಬೇಕಾದ ಧೂಳಿನ ಮೇಲೆ ದೇಹ ಕಾದಾಡುವುದರಿಂದ. ಆದ್ದರಿಂದ ಈ ಇಂಜೆಕ್ಷನ್ ದೇಹಕ್ಕೆ ಸುಮ್ಮನಿರಲು ಕಲಿಸುತ್ತದೆ.

ಇದು ಹೊಸ ಪ್ರಯೋಗವೇನಲ್ಲ. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಎಂಬ ವೈದ್ಯರು ಹುಲ್ಲಿನ ಹೂವಿನ ಪರಾಗದಿಂದ ಸಾರ ತೆಗೆದು, ಪರಾಗದ ಅಲರ್ಜಿ ಇದ್ದವರಿಗೆ ಹೀಗೆ ಚುಚ್ಚಿ ಫಲ ಕಂಡರು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಚಿಕಿತ್ಸೆ ನಡೆದು ಬಂದಿದೆ.

ಯಾವುದಕ್ಕೆ ಫಲಿಸುತ್ತದೆ?

ಮೂಗಿನ ಅಲರ್ಜಿ, ಅಂದರೆ ಸಾಲು ಸೀನು, ಮೂಗು ಸೋರುವುದು, ಕಟ್ಟುವುದು, ಕಣ್ಣು ತುರಿಸುವುದು. ಹತೋಟಿಯಲ್ಲಿರುವ ಅಲರ್ಜಿ ಆಸ್ತಮಾ. ಜೇನು, ಕಣಜ ಕಚ್ಚಿದಾಗ ಪ್ರಾಣಕ್ಕೇ ಬರುವಂಥ ಅಲರ್ಜಿ. ಇವುಗಳಿಗೆ ಇಂಜೆಕ್ಷನ್ ಫಲಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇದೆ.

ಇದರಲ್ಲೂ ಕಾರಣ ಯಾವುದು ಎನ್ನುವುದು ಮುಖ್ಯ. ಹಾಸಿಗೆ, ದಿಂಬು, ಕಂಬಳಿಯಲ್ಲಿ ಕಣ್ಣಿಗೆ ಕಾಣದ ಧೂಳು ನುಸಿ ಇರುತ್ತದೆ. ಬಹಳ ಜನರ ಅಲರ್ಜಿಗೆ ಅದೇ ಕಾರಣ. ಆಮೇಲೆ ಗಾಳಿಯಲ್ಲಿ ಹಾರುವ ಪರಾಗ. ಬದುವಿನ ಗರಿಕೆ, ರಸ್ತೆ ಬದಿಯ ಕಾಂಗ್ರೆಸ್ ಗಿಡ, ಕೆರೆಯಂಗಳದ ಬಳ್ಳಾರಿ ಜಾಲಿ, ತೋಪಿನ ಸರ್ವೆ ಮರ ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ನುಸಿ ಮತ್ತು ಹುಲ್ಲಿನ ಪರಾಗಕ್ಕೆ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ.

ಹಸುವಿನ ಕೂದಲು, ಚರ್ಮದ ಹೊಟ್ಟು, ಜೊಲ್ಲಿಗೆ ಅಲರ್ಜಿ ಇರುವವರೂ ಇದ್ದಾರೆ. ಆದರೆ ಕೊಟ್ಟಿಗೆಯಲ್ಲಿ ಸೀನುವವರೆಲ್ಲರಿಗೂ ಹಸುವೇ ಕಾರಣವಲ್ಲ. ಹುಲ್ಲಿನ ಧೂಳು, ಹಿಂಡಿ-ಬೂಸಾದ ನುಸಿ, ಬೂಷ್ಟು ಇವೂ ಅಲ್ಲೇ ಇರುತ್ತವೆ. ಹಸು ಮಾರುವ ಮೊದಲು ಪರೀಕ್ಷೆ ಮಾಡಿಸಿ ಎಂದದ್ದು ಇದಕ್ಕೇ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನಿಜವಾಗಿ ಹಸುವಿಗೇ ಅಲರ್ಜಿ ಎಂದು ಗೊತ್ತಾದರೆ, ಅದಕ್ಕೆ ಇಂಜೆಕ್ಷನ್ ಕೊಡುವುದರಿಂದ ಆಗುವ ಗುಣಕ್ಕೆ ನುಸಿ, ಪರಾಗದಷ್ಟು ಪುರಾವೆ ಇಲ್ಲ. ಆಗ ಕೊಟ್ಟಿಗೆಯ ಕೆಲಸ ಹಂಚಿಕೊಳ್ಳುವುದು ಮತ್ತು ನಿತ್ಯದ ಔಷಧಿಯೇ ಮುಖ್ಯ ದಾರಿ.

ಯಾವುದಕ್ಕೆ ಫಲಿಸುವುದಿಲ್ಲ?

ದುಡ್ಡು, ಸಮಯ ಹಾಳಾಗುವುದು ಇದನ್ನು ತಿಳಿಯದೆ ಹೋದಾಗ.

*ಕಲ್ಲಿನ ಧೂಳು.* ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಮನೆ ಮುಂದೆ ದೇವರ ವಿಗ್ರಹ ಕೆತ್ತುವ ಉಳಿಯ ಸದ್ದು, ಹಿತ್ತಿಲಲ್ಲಿ ಸೀಮೆ ಹಸು. ಇಂಥ ಮನೆಯಲ್ಲಿ ಕೆಮ್ಮು ಬಂದರೆ ಅದು ಹುಲ್ಲಿನದೋ ಕಲ್ಲಿನದೋ ಹೇಳುವುದು ಕಷ್ಟ. ಕಲ್ಲು ಕೊಯ್ಯುವ, ಉಜ್ಜುವ ಯಂತ್ರದಿಂದ ಏಳುವ ನವಿರಾದ ಧೂಳಿನಲ್ಲಿ ಸಿಲಿಕಾ ಇದ್ದರೆ ಅದು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಅದು ಅಲರ್ಜಿ ಅಲ್ಲ, ಯಾವ ಅಲರ್ಜಿ ಇಂಜೆಕ್ಷನ್ನೂ ಅದಕ್ಕೆ ಕೆಲಸ ಮಾಡುವುದಿಲ್ಲ. ಶಿಲ್ಪಿಗಳ ಮನೆಯವರಾಗಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ, ಎದೆಯ ಎಕ್ಸ್-ರೇ ಬೇಕೇ ಎಂದು ಕೇಳಿ.

*ಬೂಷ್ಟು ಹುಲ್ಲಿನ ಜ್ವರ.* ಮಳೆಗೆ ನೆಂದು ಬೂಷ್ಟು ಹಿಡಿದ ಹುಲ್ಲನ್ನು ಒದರಿದ ನಾಲ್ಕರಿಂದ ಎಂಟು ಗಂಟೆ ಬಳಿಕ ಚಳಿ, ಜ್ವರ, ಒಣ ಕೆಮ್ಮು, ಉಸಿರು ಕಟ್ಟುವುದು ಆಗುತ್ತಿದ್ದರೆ ಅದು ಬೇರೆಯೇ ಶ್ವಾಸಕೋಶದ ರೋಗ. ಇದಕ್ಕೂ ಇಂಜೆಕ್ಷನ್ ಇಲ್ಲ. ಆ ಹುಲ್ಲಿನಿಂದ ದೂರ ಇರುವುದೇ ಮೊದಲ ಮದ್ದು.

*ಕಾಂಗ್ರೆಸ್ ಗಿಡದ ಚರ್ಮ ರೋಗ.* ಈ ಗಿಡ ಎರಡು ರೀತಿ ಕಾಡುತ್ತದೆ. ಪರಾಗ ಮೂಗಿಗೆ ಹೋಗಿ ಸೀನು, ಉಬ್ಬಸ ತರುವುದು ಒಂದು. ಗಿಡ ಮೈಗೆ ತಾಗಿ ಮುಖ, ಕತ್ತು, ಮೊಣಕೈ ಸಂದು ಕಪ್ಪಾಗಿ ದಪ್ಪಗಾಗಿ ತುರಿಸುವುದು ಇನ್ನೊಂದು. ಎರಡನೆಯದಕ್ಕೆ ಈ ಇಂಜೆಕ್ಷನ್ ಚಿಕಿತ್ಸೆಯಲ್ಲ, ಚರ್ಮದ ಡಾಕ್ಟರನ್ನು ಕಾಣಬೇಕು.

*ಪಿತ್ತದ ಗಂಧೆ ಮತ್ತು ಆಹಾರದ ನಂಜು.* ತಿಂಗಳುಗಟ್ಟಲೆ ಎದ್ದು ಅಡಗುವ ದದ್ದುಗಳಿಗೆ, ಬದನೆಕಾಯಿ, ಮೊಟ್ಟೆ, ಮೀನು ನಂಜಾಗುತ್ತದೆ ಎನ್ನುವ ತೊಂದರೆಗೆ ಈ ಇಂಜೆಕ್ಷನ್ ಕೊಡುವುದಿಲ್ಲ.

*ಕ್ಷಯ.* ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ, ಜೊತೆಗೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ, ಅಲರ್ಜಿ ಎಂದು ಕೂರದೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಅಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಮುಂಗೈ ಒಳಭಾಗದಲ್ಲಿ ಬೇರೆ ಬೇರೆ ಸಾರಗಳ ಒಂದೊಂದು ಹನಿ ಇಟ್ಟು, ಅದರ ಮೇಲೆ ಚರ್ಮವನ್ನು ಲಘುವಾಗಿ ಚುಚ್ಚುತ್ತಾರೆ. ರಕ್ತ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ, ಆಗಿಬರದ ವಸ್ತು ಇದ್ದ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತದೆ. ಆ ಉಬ್ಬನ್ನು ಅಳೆದು ಬರೆದುಕೊಳ್ಳುತ್ತಾರೆ. ಚರ್ಮದ ಪರೀಕ್ಷೆ ಮಾಡಲಾಗದವರಿಗೆ ರಕ್ತ ಪರೀಕ್ಷೆಯೂ ಇದೆ.

ಹೋಗುವ ಮೊದಲು ಎರಡು ಸಂಗತಿ ನೆನಪಿರಲಿ. ಸೀನು, ತುರಿಕೆಗೆ ನುಂಗುವ ಅಲರ್ಜಿ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಉಬ್ಬು ಏಳುವುದಿಲ್ಲ. ಎಷ್ಟು ದಿನ ಎಂದು ಡಾಕ್ಟರನ್ನೇ ಕೇಳಿ. ಆದರೆ ಉಬ್ಬಸದ ಇನ್ಹೇಲರನ್ನು ನೀವಾಗಿ ನಿಲ್ಲಿಸಬೇಡಿ.

ಪರೀಕ್ಷೆಯಲ್ಲಿ ಉಬ್ಬು ಬಂದ ಮಾತ್ರಕ್ಕೆ ಅದೇ ಕಾಯಿಲೆಗೆ ಕಾರಣ ಎಂದಲ್ಲ. ಉಬ್ಬು ಬಂದ ವಸ್ತುವಿಗೂ ನಿಮ್ಮ ತೊಂದರೆಗೂ ತಾಳೆಯಾಗಬೇಕು. ನುಸಿಗೆ ಉಬ್ಬು ಬಂದಿದೆ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಸೀನು ಬರುತ್ತದೆ ಎಂದರೆ ತಾಳೆಯಾಯಿತು. ಅದಕ್ಕೇ ಹೋಗುವ ಮೊದಲು ಒಂದು ತಿಂಗಳು ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೆಲಸ ಮಾಡುವಾಗ ಬಂತು, ಊರು ಬಿಟ್ಟು ತವರಿಗೆ ಹೋದಾಗ ಕಡಿಮೆಯಾಯಿತೇ. ಡೇರಿ ಪಾಸ್‌ಬುಕ್ಕಿನ ಜೊತೆ ಒಂದು ಸಣ್ಣ ಪುಸ್ತಕ ಇಟ್ಟರೆ ಸಾಕು. ಆ ಒಂದು ಪುಟ ಡಾಕ್ಟರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಎಲ್ಲಿಗೆ ಹೋಗಬೇಕು? ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಎದೆ ರೋಗ ಅಥವಾ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಚರ್ಮದ ಪರೀಕ್ಷೆ, ಇಂಜೆಕ್ಷನ್ ಎಲ್ಲಿ ಮಾಡುತ್ತಾರೆ ಎಂದು ಅವರನ್ನೇ ವಿಚಾರಿಸಿ.

ಯಾರಿಗೆ ಆಗುವುದಿಲ್ಲ?

ಈ ಕೆಳಗಿನವು ಇದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

- ಉಬ್ಬಸ ಹತೋಟಿಯಲ್ಲಿಲ್ಲ. ಮೊದಲು ಇನ್ಹೇಲರಿನಿಂದ ಹತೋಟಿಗೆ ತಂದು ಆಮೇಲೆ ಇಂಜೆಕ್ಷನ್.
- ಹೃದಯದ ಕಾಯಿಲೆ ಇದೆ, ಅಥವಾ ಬಿ.ಪಿ.ಗೆ, ಎದೆ ಬಡಿತಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಥರದ ಮಾತ್ರೆ ನುಂಗುತ್ತಿದ್ದೀರಿ. ಇಂಜೆಕ್ಷನ್ನಿಂದ ಮೈಗೆ ಏರುಪೇರಾದರೆ ಕಾಪಾಡುವ ಔಷಧಿ ಈ ಮಾತ್ರೆಗಳಿಂದಾಗಿ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿ ಬಿಡಬೇಡಿ. ನುಂಗುವ ಎಲ್ಲಾ ಮಾತ್ರೆಗಳ ಪಟ್ಟಿಯನ್ನೂ ಚೀಲದಲ್ಲಿ ತೆಗೆದುಕೊಂಡು ಹೋಗಿ ತೋರಿಸಿ.
- ಗರ್ಭಿಣಿ. ಬಸಿರಿನಲ್ಲಿ ಹೊಸದಾಗಿ ಶುರು ಮಾಡುವುದಿಲ್ಲ. ಮೊದಲೇ ತೆಗೆದುಕೊಳ್ಳುತ್ತಿದ್ದು ಒಗ್ಗಿದ್ದರೆ ಡೋಸ್ ಏರಿಸದೆ ಮುಂದುವರಿಸಬಹುದು. ಮಗುವಿಗೆ ಹಾಲು ಕೊಡುವ ತಾಯಂದಿರು ತೆಗೆದುಕೊಳ್ಳಬಹುದು.
- ಕ್ಯಾನ್ಸರ್, ಅಥವಾ ದೇಹದ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಕಾಯಿಲೆ ಇದೆ.
- ಮಗುವಿಗೆ ಐದು ವರ್ಷ ತುಂಬಿಲ್ಲ. ಸಾಮಾನ್ಯವಾಗಿ ಅಷ್ಟು ಚಿಕ್ಕವರಿಗೆ ಶುರು ಮಾಡುವುದಿಲ್ಲ.

ಎಷ್ಟು ದಿನ, ಎಷ್ಟು ಖರ್ಚು?

ಮೊದಲ ಹಂತದಲ್ಲಿ ವಾರಕ್ಕೆ ಒಂದು ಅಥವಾ ಎರಡು ಸಲದಂತೆ ಡೋಸ್ ಏರಿಸುತ್ತಾ ಹೋಗುತ್ತಾರೆ. ಇದಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಆಮೇಲೆ ಅದೇ ಡೋಸನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಒಟ್ಟು ಮೂರರಿಂದ ಐದು ವರ್ಷ.

ಲೆಕ್ಕ ಹಾಕಿ ನೋಡಿ. ವಾರಕ್ಕೊಂದರಂತೆ ಆರು ತಿಂಗಳಿಗೆ ಸುಮಾರು 25 ಸಲ, ಬಳಿಕ ತಿಂಗಳಿಗೊಂದರಂತೆ ಮೂರು ವರ್ಷಕ್ಕೆ 36 ಸಲ. ಒಟ್ಟು 60ಕ್ಕೂ ಹೆಚ್ಚು ಸಲ ಆಸ್ಪತ್ರೆಗೆ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆ ಖರ್ಚು ಉಳಿಯುತ್ತದೆ. ಆದರೆ ಪ್ರತಿ ಸಲ ಅರ್ಧ ದಿನ ಹೋಗುತ್ತದೆ. ಅವತ್ತು ಹುಲ್ಲು ತರುವವರು ಯಾರು, ಬಸ್ಸು ತಪ್ಪಿದರೆ ಸಂಜೆ ಹಾಲು ಕರೆಯುವವರು ಯಾರು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಬಾಟಲಿ ಒಂದಕ್ಕೆ ಎಷ್ಟು, ಎಷ್ಟು ತಿಂಗಳಿಗೆ ಒಂದು ಬಾಟಲಿ, ಪ್ರತಿ ಸಲದ ಫೀಸು ಎಷ್ಟು ಎಂದು ಕೇಳಿ ಬರೆದುಕೊಂಡು, ಮೂರು ವರ್ಷದ ಒಟ್ಟು ಲೆಕ್ಕ ಹಾಕಿ. ಯಶಸ್ವಿನಿ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಳಿಗೆ ಇರುವಂಥದ್ದು. ಕಾರ್ಡು ಇದೆ ಎಂದು ಅದನ್ನೇ ನಂಬಿ ಹೊರಡಬೇಡಿ, ಮೊದಲು ವಿಚಾರಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಐದಾರು ತಿಂಗಳು ಹಾಕಿಸಿಕೊಂಡು, ಸ್ವಲ್ಪ ಆರಾಮ ಕಂಡು, ಬಿಟ್ಟುಬಿಡುವವರು ಬಹಳ. ಅವರ ಹಣವೂ ಹೋಗುತ್ತದೆ, ಅಲರ್ಜಿಯೂ ತಿರುಗಿ ಬರುತ್ತದೆ. ಪೂರ್ತಿ ಮುಗಿಸಿದವರಿಗೆ ಇಂಜೆಕ್ಷನ್ ನಿಲ್ಲಿಸಿದ ಮೇಲೂ ಕೆಲವು ವರ್ಷ ಗುಣ ಉಳಿಯುವ ಸಾಧ್ಯತೆ ಹೆಚ್ಚು. ಪೂರ್ತಿ ಮುಗಿಸಲು ಆಗುವುದಿಲ್ಲ ಎನಿಸಿದರೆ ಶುರು ಮಾಡದಿರುವುದೇ ಮೇಲು.

ಎಲ್ಲರಿಗೂ ನೂರಕ್ಕೆ ನೂರು ಗುಣವಾಗುವುದಿಲ್ಲ. ಬಹಳ ಜನಕ್ಕೆ ಸೀನು, ಉಬ್ಬಸ ಕಡಿಮೆಯಾಗಿ ಮಾತ್ರೆಯ ಅಗತ್ಯ ತಗ್ಗುತ್ತದೆ. ಒಗ್ಗಿದ ಡೋಸಿನಲ್ಲಿ ಒಂದು ವರ್ಷ ಕಳೆದರೂ ಏನೂ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸಬೇಕೇ ಎಂದು ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ.

ಆ ಅರ್ಧ ಗಂಟೆ ಬಿಡಬೇಡಿ

ಇಂಜೆಕ್ಷನ್ ಕೊಡುವುದು ತೋಳಿನ ಹೊರಭಾಗದಲ್ಲಿ, ಚರ್ಮದ ಕೆಳಗೆ. ಚುಚ್ಚಿದ ಜಾಗ ಕೆಂಪಾಗಿ, ತುರಿಸಿ, ಒಂದು ನಾಣ್ಯದಷ್ಟು ಊದುವುದು ಸಾಮಾನ್ಯ. ತಣ್ಣೀರು ಬಟ್ಟೆ ಇಟ್ಟರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮುಂದಿನ ಸಲ ಹೋದಾಗ ಎಷ್ಟು ಊದಿತ್ತು ಎಂದು ಹೇಳಿ. ಡೋಸ್ ಏರಿಸಬೇಕೋ ಬೇಡವೋ ಎಂದು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಅಪಾಯ ಇರುವುದು ಬೇರೆ ಕಡೆ. ನಿಮಗೆ ಆಗಿಬರದ ವಸ್ತುವನ್ನೇ ಮೈಯೊಳಗೆ ಕೊಡುತ್ತಿರುವುದರಿಂದ, ಅಪರೂಪಕ್ಕೆ ಇಡೀ ದೇಹ ತಿರುಗಿ ಬೀಳಬಹುದು. ಅಮೆರಿಕದ ಲೆಕ್ಕದ ಪ್ರಕಾರ ಸಾವಿರ ಸಲ ಚುಚ್ಚಿದರೆ ಒಂದೆರಡು ಸಲ ಹೀಗಾಗುತ್ತದೆ, ಅದರಲ್ಲೂ ಹೆಚ್ಚಿನವು ಸಣ್ಣ ಪ್ರಮಾಣದವು. ಜೀವಕ್ಕೆ ಅಪಾಯ ತರುವಂಥವು ಬಹಳ ಕಡಿಮೆ. ಆದರೆ ಆಗುವುದಿದ್ದರೆ ಬಹುಪಾಲು ಮೊದಲ ಮೂವತ್ತು ನಿಮಿಷದಲ್ಲೇ ಆಗುತ್ತದೆ. ಅದಕ್ಕೇ ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು ಎನ್ನುವ ನಿಯಮ. ಬಸ್ಸು ಹೊರಟಿತು, ಹಸು ಕಟ್ಟಿಹಾಕಿ ಬಂದಿದ್ದೇನೆ, ನೂರು ಸಲ ಏನೂ ಆಗಿಲ್ಲ ಎಂದು ಎದ್ದು ಬರಬೇಡಿ. ಒಂದು ಬಸ್ಸು ಹೋದರೆ ಇನ್ನೊಂದು ಬರುತ್ತದೆ.

ಈ ಲಕ್ಷಣ ಕಂಡ ಕೂಡಲೇ ನರ್ಸನ್ನು ಕರೆಯಿರಿ: ಅಂಗೈ, ಅಂಗಾಲಿನಲ್ಲಿ ತುರಿಕೆ, ಮೈಮೇಲೆ ದದ್ದು, ತುಟಿ-ನಾಲಿಗೆ ಊತ, ಗಂಟಲು ಬಿಗಿದಂತಾಗುವುದು, ದನಿ ಒಡೆಯುವುದು, ಕೆಮ್ಮು, ಎದೆ ಬಿಗಿತ, ಹೊಟ್ಟೆ ನುಲಿದು ವಾಂತಿ, ತಲೆ ಸುತ್ತು, ಏನೋ ಕೆಟ್ಟದ್ದಾಗುತ್ತಿದೆ ಎಂಬ ಭಯ. ಸಂಕೋಚಪಟ್ಟು ಸುಮ್ಮನೆ ಕೂರಬೇಡಿ. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್, ತೊಡೆಯ ಹೊರಭಾಗದ ಮಾಂಸಖಂಡಕ್ಕೆ ತಕ್ಷಣ ಕೊಡಬೇಕು. ಅಂಥ ಹೊತ್ತಿನಲ್ಲಿ ಎದ್ದು ಓಡಾಡದೆ, ಕಾಲು ಎತ್ತರಿಸಿ ಮಲಗಬೇಕು. ಉಸಿರಾಟ ಕಷ್ಟವಿದ್ದರೆ ಒರಗಿ ಕೂರಬಹುದು.

ಮನೆಗೆ ಬಂದ ಮೇಲೆ ಇಂಥದ್ದು ಕಂಡರೆ 108ಕ್ಕೆ ಕರೆ ಮಾಡಿ. ಗಾಡಿ ಬರುವ ತನಕ ಒಬ್ಬರೇ ಇರಬೇಡಿ.

ಬಾಟಲಿ ಮನೆಗೆ ತಂದು ಊರಲ್ಲಿ ಚುಚ್ಚಿಸಿಕೊಳ್ಳಬಹುದೇ?

ಬೇಡ. ಬಾಟಲಿ ತಂದು ಮನೆಯ ಫ್ರಿಜ್ಜಿನಲ್ಲಿಟ್ಟು, ವಾರವಾರ ಊರಿನಲ್ಲಿ ಸೂಜಿ ಹಾಕುವವರ ಹತ್ತಿರ ಹೋಗುವುದು ಸುಲಭ ಅನಿಸುತ್ತದೆ. ಅವರ ಕೈ ಚಳಕ ಚೆನ್ನಾಗಿರಬಹುದು. ಆದರೆ ಮೈ ಏರುಪೇರಾದರೆ ಅವರ ಹತ್ತಿರ ಅಡ್ರಿನಲಿನ್ ಇದೆಯೇ, ಆಕ್ಸಿಜನ್ ಇದೆಯೇ, ಅದನ್ನು ಬಳಸಿ ಅಭ್ಯಾಸವಿರುವ ಡಾಕ್ಟರು ಇದ್ದಾರೆಯೇ? ಇವಿಷ್ಟೂ ಇರುವ ಜಾಗದಲ್ಲಿ ಮಾತ್ರ ಹಾಕಿಸಿಕೊಳ್ಳಿ.

ದನದ ಲಸಿಕೆಯಂತೆ ಇದೂ ತಂಪಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೆಪ್ಪುಗಟ್ಟಬಾರದು, ಬಿಸಿಲಿಗೂ ಬೀಳಬಾರದು. ಚುಚ್ಚುವ ಮೊದಲು ಬಾಟಲಿಯ ಮೇಲಿನ ಹೆಸರು ನಿಮ್ಮದೇ ಎಂದು, ನಂಬರು ಈ ವಾರದ್ದೇ ಎಂದು ನರ್ಸಿನ ಜೊತೆ ನೀವೂ ಓದಿ ನೋಡಿ. ಅಪಾಯಗಳಲ್ಲಿ ಕೆಲವು ಬಾಟಲಿ ಅಥವಾ ಡೋಸ್ ಅದಲುಬದಲಾಗಿ ಆಗುವಂಥವು.

ಇಂಜೆಕ್ಷನ್ ದಿನದ ಕ್ರಮ

- ಬೆಳಗಿನ ಹಾಲು ಡೇರಿಗೆ ಹಾಕಿ, ತಿಂಡಿ ತಿಂದು ಹೊರಡಿ. ಹೀಗೆ ಹೋದರೆ ಮಧ್ಯಾಹ್ನದೊಳಗೆ ಮನೆ ಸೇರಬಹುದು.
- ತೋಳು ಸುಲಭವಾಗಿ ಮೇಲೆ ಸರಿಯುವ ಸಡಿಲ ರವಿಕೆ ತೊಡಿ.
- ಜ್ವರ, ಕಫ, ಉಬ್ಬಸ ಹೆಚ್ಚಾಗಿದ್ದ ದಿನ ಹಾಕಿಸಿಕೊಳ್ಳಬೇಡಿ. ಹೋಗಿದ್ದರೂ ಚುಚ್ಚುವ ಮೊದಲೇ ಹೇಳಿ.
- ಇಂಜೆಕ್ಷನ್ನಿಗೆ ಮುಂಚಿನ ಎರಡು ಗಂಟೆ, ಆಮೇಲಿನ ಎರಡು ಗಂಟೆ ಭಾರದ ಕೆಲಸ ಬೇಡ. ಹುಲ್ಲಿನ ಹೊರೆ ಹೊರುವುದು, ಸಗಣಿ ಮಂಕರಿ ಎತ್ತುವುದು, ಓಡುವುದು ರಕ್ತದ ಓಟ ಹೆಚ್ಚಿಸಿ ಔಷಧಿ ಬೇಗ ಮೈಗೆ ಏರುವಂತೆ ಮಾಡಬಹುದು. ಸುಡು ನೀರಿನ ಸ್ನಾನವೂ ಬೇಡ.
- ಸಂಜೆ ಮೈ ಸರಿಯಿದ್ದರೆ ಹಾಲು ಕರೆಯಬಹುದು. ಡೋಸ್ ಏರಿಸಿದ ದಿನ ಆ ಕೆಲಸ ಮನೆಯವರು ಮಾಡಿದರೆ ಒಳ್ಳೆಯದು.
- ಹಬ್ಬವೋ, ಹಸು ಕರು ಹಾಕಿತೋ, ಏನೋ ಕಾರಣಕ್ಕೆ ಒಂದೆರಡು ಸಲ ತಪ್ಪಿದರೆ, ತಪ್ಪಿದ ಡೋಸನ್ನು ಸೇರಿಸಿ ಹಾಕಿಸಿಕೊಳ್ಳುವಂತಿಲ್ಲ. ಎಷ್ಟು ವಾರ ತಪ್ಪಿತು ಎಂದು ಹೇಳಿದರೆ ಡಾಕ್ಟರು ಡೋಸ್ ಇಳಿಸಿ ಮತ್ತೆ ಏರಿಸುತ್ತಾರೆ.
- ಹೊಸ ಮಾತ್ರೆ ಶುರುವಾಗಿದ್ದರೆ, ಮುಟ್ಟು ನಿಂತಿದ್ದರೆ ಮೊದಲೇ ಹೇಳಿ.

ಸೂಜಿಗೆ ಬದಲಾಗಿ ನಾಲಿಗೆಯ ಕೆಳಗೆ ಹಾಕಿಕೊಳ್ಳುವ ಹನಿಗಳೂ ಇವೆ. ಮೊದಲ ಸಲ ಡಾಕ್ಟರ ಎದುರಿಗೆ ಹಾಕಿಕೊಂಡು, ಆಮೇಲೆ ಮನೆಯಲ್ಲೇ ಮುಂದುವರಿಸಬಹುದು. ಮೈ ಏರುಪೇರಾಗುವ ಅಪಾಯ ಸೂಜಿಗಿಂತ ಕಡಿಮೆ. ಆದರೆ ಸಾಮಾನ್ಯವಾಗಿ ದಿನವೂ ತಪ್ಪದೆ ವರ್ಷಗಟ್ಟಲೆ ಹಾಕಬೇಕು. ನಿಮಗೆ ಯಾವುದು ಸರಿ ಎಂದು ಡಾಕ್ಟರ ಜೊತೆ ಮಾತಾಡಿ.

ಇಂಜೆಕ್ಷನ್ ಇರಲಿ ಬಿಡಲಿ, ಇಷ್ಟು ಮಾಡಿ

ಇಂಜೆಕ್ಷನ್ ಹಾಕಿಸಿಕೊಳ್ಳುವವರೂ ಧೂಳಿನಿಂದ ದೂರ ಇರಲೇಬೇಕು. ಬಹಳ ಜನರಿಗೆ ಇದರಿಂದ ಮತ್ತು ಮೂಗಿನ ಸ್ಪ್ರೇ, ಇನ್ಹೇಲರಿನಿಂದಲೇ ಸಾಕಷ್ಟು ಗುಣವಾಗುತ್ತದೆ. ಇನ್ಹೇಲರ್ ಎಂದರೆ ಹೆದರಬೇಡಿ. ಔಷಧಿ ನೇರ ಎದೆಗೆ ಹೋಗುವುದರಿಂದ ಮಾತ್ರೆಗಿಂತ ಕಡಿಮೆ ಪ್ರಮಾಣ ಸಾಕು. ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಕೇಳಿ.

- ಒಣ ಹುಲ್ಲನ್ನು ಒದರುವ, ಕತ್ತರಿಸುವ ಮೊದಲು ಸ್ವಲ್ಪ ನೀರು ಚಿಮುಕಿಸಿ. ಒದ್ದೆ ಮಾಡಿದ್ದನ್ನು ಅವತ್ತೇ ಹಾಕಿ ಮುಗಿಸಿ, ಉಳಿದರೆ ಬೂಷ್ಟು ಬರುತ್ತದೆ.
- ಹುಲ್ಲು ಕತ್ತರಿಸುವ ಯಂತ್ರದ ಕೆಲಸ, ಹಿಂಡಿ ಮೂಟೆ ಒದರುವ ಕೆಲಸ ಅಲರ್ಜಿ ಇಲ್ಲದವರು ಮಾಡಲಿ. ನೀವೇ ಮಾಡಬೇಕಾದರೆ ಮೂಗು ಬಾಯಿಗೆ ಸರಿಯಾಗಿ ಕೂರುವ ಮಾಸ್ಕ್ ಹಾಕಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಲ್ಲಿ.
- ಕೊಟ್ಟಿಗೆಗೆ ಒಂದು ಹಳೆ ಸೀರೆ, ತಲೆಗೆ ಒಂದು ಬಟ್ಟೆ ಬೇರೆ ಇಡಿ. ಕೆಲಸ ಮುಗಿದ ಮೇಲೆ ಅದನ್ನು ಹೊರಗೇ ಬಿಚ್ಚಿ, ಕೈ ಮುಖ ತೊಳೆದು ಒಳಗೆ ಬನ್ನಿ. ಅದೇ ಬಟ್ಟೆಯಲ್ಲಿ ಹಾಸಿಗೆ ಮೇಲೆ ಕೂರಬೇಡಿ.
- ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.
- ಮಲಗುವ ಕೋಣೆಯಲ್ಲಿ ಬೂಸಾ ಮೂಟೆ, ಹುಲ್ಲು ಇಡಬೇಡಿ. ಕೊಟ್ಟಿಗೆಗೆ ಗಾಳಿ ಆಡುವಂತೆ ಮಾಡಿ. ಅದು ಹಸುವಿಗೂ ಒಳ್ಳೆಯದು.
- ಕಾಂಗ್ರೆಸ್ ಗಿಡವನ್ನು ಹೂವು ಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ ಬೇರು ಸಮೇತ ಕಿತ್ತುಹಾಕಿ. ಕೈಗೆ ಗ್ಲೌಸ್ ಇರಲಿ, ಅಲರ್ಜಿ ಇರುವವರು ಮುಟ್ಟಲೇಬೇಡಿ. ಈ ಗಿಡ ತಿನ್ನಲು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನೇ ಬಿಟ್ಟರು. ಆದರೂ ಪೂರ್ತಿ ಹೋಗಿಲ್ಲ, ಕೀಳುವ ಕೆಲಸ ನಮಗೆ ತಪ್ಪಿಲ್ಲ. ಹಸು ಇದನ್ನು ತಿಂದರೆ ಹಾಲು ಕಹಿಯಾಗುತ್ತದೆ, ಆದ್ದರಿಂದ ಕಿತ್ತರೆ ಎರಡು ಲಾಭ.

ಡಾಕ್ಟರನ್ನು ಕೇಳಬೇಕಾದ ಆರು ಪ್ರಶ್ನೆ

1. ನನಗೆ ಇರುವುದು ಅಲರ್ಜಿಯೇ ಎಂದು ಹೇಗೆ ಖಚಿತವಾಯಿತು? ಬೇರೆ ಕಾಯಿಲೆ ಇಲ್ಲವೇ?
2. ಈ ಇಂಜೆಕ್ಷನ್ನಿನಲ್ಲಿ ಯಾವ ಯಾವ ವಸ್ತುಗಳ ಸಾರ ಇದೆ?
3. ಎಷ್ಟು ವರ್ಷ, ಎಷ್ಟು ಸಲ, ಒಟ್ಟು ಎಷ್ಟು ಖರ್ಚು?
4. ನನ್ನ ಈಗಿನ ಮಾತ್ರೆಗಳಿಗೂ ಇದಕ್ಕೂ ಹೊಂದುತ್ತದೆಯೇ?
5. ಏರುಪೇರಾದರೆ ಇಲ್ಲಿ ಅಡ್ರಿನಲಿನ್ ಇದೆಯೇ? ಅರ್ಧ ಗಂಟೆ ಕೂರಲು ಜಾಗ ಇದೆಯೇ?
6. ಗುಣ ಬರುತ್ತಿಲ್ಲ ಎಂದು ಯಾವಾಗ ತೀರ್ಮಾನಿಸುತ್ತೀರಿ?

ಇವಕ್ಕೆ ಬೇಸರವಿಲ್ಲದೆ ಉತ್ತರ ಕೊಡುವ ಡಾಕ್ಟರ ಹತ್ತಿರ ಚಿಕಿತ್ಸೆ ಶುರು ಮಾಡಿ. ಇಲ್ಲವಾದರೆ ಇನ್ನೊಬ್ಬರನ್ನು ಕೇಳಿ.

ಸಹೋದರಿಯರೇ, ಹಸುವಿಗೆ ಒಂದು ಹೊತ್ತು ಮೆಲುಕು ನಿಂತರೆ ರಾತ್ರಿಯೇ ಪಶು ವೈದ್ಯರಿಗೆ ಫೋನ್ ಮಾಡುತ್ತೀರಿ. ನಿಮ್ಮ ಉಬ್ಬಸವನ್ನು ಮಾತ್ರ "ನಾಳೆ ನೋಡೋಣ" ಎಂದು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತೀರಿ. ಈ ತಿಂಗಳು ಒಂದು ದಿನ ಬಿಡುವು ಮಾಡಿಕೊಂಡು ತೋರಿಸಿಕೊಳ್ಳಿ. ಈ ಲೇಖನವನ್ನು ಸಂಘದಲ್ಲಿ ಓದಿ ಹೇಳಿ, ಕೊಟ್ಟಿಗೆಯಲ್ಲಿ ಸೀನುವ ಇನ್ನೊಬ್ಬರಿಗೂ ತಲುಪಿಸಿ.